ಕೆಂಪು ಬಟ್ಟೆ ತುರುಕಿದ ಡಬ್ಬಿ

ತಿಕೋಟಾ ಬಸ್ ಸ್ಟ್ಯಾಂಡಿನ ಎದುರು ಅಬೇದಾಳ ಮಿರ್ಚಿ ಭಜಿ ಅಂಗಡಿ. ಅತ್ತೆಯ ಕಾಲದಿಂದ ಅಲ್ಲೊಂದು ಪದ್ಧತಿ ನಡೆದು ಬಂದಿತ್ತು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ನಿನ್ನೆ ಕರಿದು ಉಳಿದ ಎಣ್ಣೆ ಒಂದು ಸೌಟು ಇವತ್ತಿನ ಬಾಣಲೆಗೆ ಬೀಳಲೇಬೇಕು; ಭಜಿಗೆ ರುಚಿ ಬರುವುದೇ ಅದರಿಂದ ಎಂಬ ನಂಬಿಕೆ. ಮೊದಲ ಭಜಿ ತಿಂದು "ಹೆಪ್ಪು ಹತ್ತೈತಿ" ಎಂದು ಹೇಳುವುದು ಗಂಡ ಕುತುಬುದ್ದೀನನ ಪಾಲಿನ ಕೆಲಸ.

ಹೋದ ಚಳಿಗಾಲ ಅವನ ಹೃದಯದ ನಾಳ ಕಟ್ಟಿತು. ವಿಜಯಪುರದಲ್ಲಿ ಸ್ಟೆಂಟ್ ಹಾಕಿದ ಡಾಕ್ಟರಬಾಯಿ ಅಬೇದಾಳನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು: "ಕುಸುಬಿ ಎಣ್ಣಿ, ಶೇಂಗಾ ಎಣ್ಣಿ ಹಿಡಿತದಾಗ ತಿನ್ಲಿ, ಬ್ಯಾಡ ಅನ್ನಂಗಿಲ್ಲ. ಕಾಸಿದ್ದ ಕಾಸಿ ಕರ್ರಗಾದದ್ದು ಮಾತ್ರ ಬಾಯಿಗೆ ಹತ್ತಬಾರ್ದು ನೋಡವಾ."

ಅವತ್ತಿಗೆ ಹೆಪ್ಪು ನಿಂತಿತು. ಆದರೆ ಉಳಿದ ಎಣ್ಣೆ? ಗಟಾರಕ್ಕೆ ಚೆಲ್ಲಿದರೆ ಹಳ್ಳ ಸೇರುತ್ತದೆ, ಎಮ್ಮೆಗಳು ಕುಡಿಯುವ ನೀರು. ಆಗ ಟೆಂಪೋ ತಂದವನು, ಅಂಗಡಿಗಳ ಹಳೇ ಎಣ್ಣೆ ಒಟ್ಟುಮಾಡುವ ಸಿಕಂದರ.

"ನಮಗ ಕೊಡ್ರಿ ಆಪಾ. ಗಾಡಿಗೆ ಹಾಕೂ ಎಣ್ಣಿ ಮಾಡತಾರ. ನಿಮ್ಮ ಹಳ್ಳಾನೂ ಉಳೀತೈತಿ."

ಅಬೇದಾ ಸಂತೋಷದಿಂದ ಕೊಟ್ಟಳು. ಡಬ್ಬಿಯ ಮುಚ್ಚಳ ಕಳೆದಿತ್ತು, ತನ್ನ ಹರಿದ ಕೆಂಪು ಓಢಣಿಯ ತುಂಡನ್ನೇ ಬಾಯಿಗೆ ತುರುಕಿದಳು.

ಕುತುಬುದ್ದೀನ ಬಬಲೇಶ್ವರಕ್ಕೆ ತನ್ನ ಟಂಟಂ ಗಾಡಿಯಲ್ಲಿ ದ್ರಾಕ್ಷಿ ಒಯ್ದು ಬಂದವನು ಒಂದು ಸಂಜೆ ಕೇಳಿದ: "ಅಲ್ಲಬೇ, ನಮ್ಮ ಡಬ್ಬಿ ಬಬಲೇಶ್ವರಕ್ಕ ಹೆಂಗ ಹೋತು?"

"ಯಾವ ಡಬ್ಬಿ?"

"ನಿನ್ನ ಕೆಂಪ ಓಢಣಿ ತುರುಕಿದ್ದು. ಸಂತ್ಯಾಗಿನ ಭಜಿ ಅಂಗಡ್ಯಾಗ, ಬಾಣಲಿ ಬಾಜೂಕ ಇತ್ತು."

ಅಬೇದಾಳ ಕೈ ಹಿಟ್ಟಿನಲ್ಲೇ ನಿಂತಿತು. "ಭಜಿ ಅಂಗಡ್ಯಾಗ ನಿಮ್ಮದೇನ ಕೆಲಸಿತ್ತು?"

ಅವನು ಎದುರಿಗೆ ನಿಂತಿದ್ದ ಬಸ್ಸಿನ ಬೋರ್ಡು ಓದತೊಡಗಿದ. ಪಕ್ಕದಲ್ಲಿ ಹೂ ಮಾರುವ ಚಂದ್ರಾಬಾಯಿ ನಕ್ಕಳು: "ಸಿಕ್ಕಿಬಿದ್ದೆಲ್ಲೋ ಯಪ್ಪಾ!"

ಅಬೇದಾ ನಗಲಿಲ್ಲ. "ತಿಂದೀರಿ?"

"ನೀ ಕೊಡಂಗಿಲ್ಲ, ಮತ್ತೇನ್ ಮಾಡ್ಲಿ? ಥೇಟ್ ನಮ್ಮ ಹಳೇ ಭಜಿ ರುಚಿ."

ಅದೇ ರುಚಿ! ಅವನ ಬಾಯಿಂದ ತಪ್ಪಿಸಿದ್ದು ಊರು ಸುತ್ತಿ ಅವನ ಬಾಯಿಗೇ ಬಂದಿತ್ತು. ಆಮೇಲೆ ಅವಳ ಕಣ್ಣು ಅವನ ಎದೆಯ ಮೇಲೇ. ಅವನು ತೇಗಿದರೆ ಇವಳು ಬೆಚ್ಚುವಳು: "ಎದಿ ಹಿಡದೈತೇನ್ರಿ?"

ಸಿಕಂದರ ಮತ್ತೆ ಬಂದಾಗ ಅಬೇದಾ ಅವನ ಕಣ್ಣೆದುರೇ ಉಳಿದ ಎಣ್ಣೆಯ ಡಬ್ಬಿಗೆ ಒಂದು ಬಾಟಲಿ ಡೀಸೆಲ್ ಸುರಿದಳು.

"ಏನ್ ಮಾಡಿದ್ರಿ ಆಪಾ! ಹಾಳಾತಲ್ಲ!"

"ಹಾಳ ಹೆಂಗಪಾ? ಗಾಡಿಗೇ ಹೋಗೂದಲ್ಲೇನು?"

ಸಿಕಂದರ ಡಬ್ಬಿ ಅಲ್ಲೇ ಬಿಟ್ಟು ಟೆಂಪೋ ಹತ್ತಿದ.

"ಚೊಲೋ ಮಾಡಿದಿ," ಎಂದಳು ಚಂದ್ರಾಬಾಯಿ. ಆಮೇಲೆ ದನಿ ತಗ್ಗಿಸಿ, "ಆದ್ರ ಅವನ ಗಾಡ್ಯಾಗ ಮತ್ತ ಎಷ್ಟ ಡಬ್ಬಿ ಅದಾವಬೇ!" ಎಂದಳು.

ಹೌದಲ್ಲ. ಅಬೇದಾ ಒಲೆಯ ಮೇಲೆ ಸಣ್ಣ ಬಾಣಲೆ ಇಟ್ಟಳು, ಎಣ್ಣೆ ಉಳಿಯದಂತೆ ಅಷ್ಟಷ್ಟೇ ಸುರಿದಳು. ಡೀಸೆಲ್ ಬೆರೆತ ಡಬ್ಬಿ, ಹಳ್ಳಕ್ಕೂ ಚೆಲ್ಲಲಾಗದೆ, ಮೇಜಿನ ಕೆಳಗೇ ಉಳಿಯಿತು. ಆದರೆ ಬೇರೆಯವರ ಬಾಣಲೆಗಳನ್ನು ಅವಳು ಹೇಗೆ ಕಾಯಬೇಕು?

ಮತ್ತೊಂದು ಸಂಜೆ ಬಬಲೇಶ್ವರದಿಂದ ಗಂಡನ ಟಂಟಂ ಬಂದು ನಿಂತಿತು. ಅಬೇದಾ ಅವನ ಕೈ ಹಿಡಿದೆಳೆದು ಬೆರಳು ಮೂಸಿದಳು. ಭಜಿಯ ವಾಸನೆಯಿಲ್ಲ, ಬರೇ ಸಾಬೂನಿನ ಘಮ. ಆದರೂ ಅವಳ ಮುಖ ಬಿಳುಚಿತು.

"ಇಷ್ಟ ಚೊಲೋತ್ನಾಗಿ ಯಾಕ ಕೈ ತೊಳಕೊಂಡೀರಿ?"