ಅರವತ್ತು ದಾಟದ ಕಾಟಾ

ಸೊಲ್ಲಾಪುರದ ಸಮಸ್ತ ವ್ಯಾಪಾರಿ ಬಂಧುಗಳಿಗೂ, ಗಿರಾಕಿ ಮಹಾಶಯರಿಗೂ, ಓಣಿಯಲ್ಲಿ ಅಡ್ಡ ಮಲಗುವ ದನಕರುಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ನೂಲಿನ ವ್ಯಾಪಾರಿ ಸಾತಲಿಂಗಪ್ಪನವರ ಅಂಗಡಿಯ ಕಾಟಾ, ಅಂದರೆ ತೂಕದ ಯಂತ್ರ, ಈ ವರ್ಷವೂ ಸರ್ಕಾರಿ ತಪಾಸಣೆಯಲ್ಲಿ ಪಾಸಾಗಿ, ಸತತ ಮೂವತ್ತೊಂದನೆಯ ಸಲ ಸೀಸದ ಮುದ್ರೆಯನ್ನು ಧರಿಸಿಕೊಂಡಿದೆ.

ಹೀಗೆ ಯಾರೂ ಡಂಗುರ ಸಾರಲಿಲ್ಲ ಅನ್ನುವುದು ನಿಜ. ಆದರೆ ಫೆಬ್ರುವರಿಯ ಆ ಮಧ್ಯಾಹ್ನ ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಪೇಡೆ ಹಂಚುತ್ತ ನಡೆದ ಸಾತಲಿಂಗಪ್ಪನವರ ಮುಖ ನೋಡಿದವರಿಗೆ ಡಂಗುರದ ಅಗತ್ಯ ಬೀಳಲಿಲ್ಲ. ಮಗ ಹುಟ್ಟಿದಾಗಲೂ ಅವರು ಇಷ್ಟು ಪೇಡೆ ಹಂಚಿರಲಿಲ್ಲವಂತೆ.

ಮುದ್ರೆ ಬೀಳುವ ಕ್ರಮ ಹೀಗೆ. ಸರ್ಕಾರದ ಸಾಹೇಬರು ಬರುವ ಎರಡು ದಿನ ಮೊದಲು ಕಾಟಾ ರಿಪೇರಿಯ ಕಲ್ಲಣ್ಣ ಬಂದು ಯಂತ್ರದ ಹೊಟ್ಟೆ ಬಿಚ್ಚುತ್ತಾನೆ. ಒಳಗೆ ಕೂತ ಹತ್ತಿಯ ಧೂಳು ಊದುತ್ತಾನೆ. ವರ್ಷವಿಡೀ ಹೆಚ್ಚುಕಮ್ಮಿ ಆದ ಹತ್ತೋ ಇಪ್ಪತ್ತೋ ಗ್ರಾಮನ್ನು ದಾರಿಗೆ ತರುತ್ತಾನೆ. ಆಮೇಲೆ ಸಾಹೇಬರು ಬಂದು ತಮ್ಮ ತೂಕದ ಕಲ್ಲು ಇಟ್ಟು ನೋಡಿ, ಸರಿ ಇದೆ ಅಂದು, ಸೀಸದ ಗುಂಡಿ ಒತ್ತಿ ಹೋಗುತ್ತಾರೆ. ನಿನ್ನೆ ಇದು ಎಷ್ಟು ತೂಗುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ಕೇಳುವ ಪದ್ಧತಿಯೇ ಇಲ್ಲ. ಮುದ್ರೆ ಬಿತ್ತೆಂದರೆ ಹಿಂದಿನದೆಲ್ಲ ಮಾಫ್. ಮಾಪಿಗೂ ಮಾಫಿಗೂ ನಡುವೆ ಇರುವುದು ಒಂದು ಸೀಸದ ಗುಂಡಿ ಮಾತ್ರ ಎಂಬ ಸತ್ಯವನ್ನು ಸಾತಲಿಂಗಪ್ಪನವರು ಮೂವತ್ತೊಂದು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕಂಡುಕೊಂಡಿದ್ದರು.

ಅವರ ಒಬ್ಬನೇ ಮಗ ಅಮೋಲ. ಅವನಿಗೆ ನೂಲಿನಲ್ಲಿ ಆಸಕ್ತಿ ಇರಲಿಲ್ಲ, ರೀಲಿನಲ್ಲಿತ್ತು. ಒಂದು ಜೀಪು ಕೊಂಡು, ಅದರ ಮೈ ಎತ್ತರಿಸಿ, ಕಂಪನಿಯ ಟೈರು ಕಿತ್ತೆಸೆದು ಸೊಂಟದೆತ್ತರದ ಟೈರು ಹಾಕಿಸಿದ್ದ. ಭಾನುವಾರಕ್ಕೊಮ್ಮೆ ಗೆಳೆಯರ ಜೊತೆ ಹೋಗಿ ಒಣಗಿದ ಹಳ್ಳದಲ್ಲಿ ಅದನ್ನು ಕಲ್ಲು ಹತ್ತಿಸುತ್ತಿದ್ದ, ಫೋನಿನಲ್ಲಿ ಹಿಡಿದು ಊರಿಗೆಲ್ಲ ತೋರಿಸುತ್ತಿದ್ದ. ಆ ಗಾಡಿಗೆ ಗೆಳೆಯರು ಆಫ್‌ರೋಡ್ ಗಾಡಿ ಅನ್ನುತ್ತಿದ್ದರು. ರಸ್ತೆ ಇಲ್ಲದ ಕಡೆ ಓಡಲೆಂದೇ ತಯಾರಾದ ಆ ಗಾಡಿ ಮನುಷ್ಯನನ್ನು ಕೊಂದದ್ದು ಮಾತ್ರ ನೆಟ್ಟಗಿನ ಡಾಂಬರು ರಸ್ತೆಯ ಮೇಲೆ.

ಪೇಡೆ ಹಂಚಿದ ಹನ್ನೊಂದನೆಯ ದಿನ ಅದು. ಹನ್ನೂರಿನ ಬೀರಣ್ಣ ಎಂಬ ಒಕ್ಕಲಿಗ ಪಂಕ್ಚರಾದ ಸೈಕಲ್ ತಳ್ಳಿಕೊಂಡು ಅಕ್ಕಲಕೋಟ ರಸ್ತೆಯ ಅಂಚಿನಲ್ಲಿ ಹೊರಟಿದ್ದ. ಅವನಿಗಿದ್ದ ಟೈರಿನ ಚಿಂತೆ ಸಣ್ಣದು, ಹಿಂದಿನಿಂದ ಬಂದ ಟೈರು ದೊಡ್ಡದು. ಸೈಕಲ್ಲು ಒಂದು ಹೊಲದಲ್ಲಿ ಸಿಕ್ಕಿತು, ಬೀರಣ್ಣ ಇನ್ನೊಂದು ಹೊಲದಲ್ಲಿ.

ಆ ಜಾಗದಲ್ಲಿ ವೇಗ ಅರವತ್ತು ದಾಟಬಾರದೆಂಬ ಫಲಕ ಇದೆ. ತನ್ನ ಕಾಟಾ, ಅಂದರೆ ವೇಗದ ಮುಳ್ಳು, ಅರವತ್ತು ದಾಟಿರಲೇ ಇಲ್ಲ ಎಂದು ಅಮೋಲ ಪೊಲೀಸರ ಮುಂದೆ ಬರೆದುಕೊಟ್ಟ. ಪೊಲೀಸರು ಪೆಟ್ರೋಲ್ ಪಂಪಿನ ಕ್ಯಾಮೆರಾ ನೋಡಿ ಲೆಕ್ಕ ಹಾಕಿ ಎಪ್ಪತ್ತೆರಡು ಅಂದರು. ಹುಡುಗ ಜೋರು ಓಡಿಸಿದ್ದಲ್ಲದೆ ಸುಳ್ಳನ್ನೂ ಹೇಳುತ್ತಾನೆ ಎಂದು ಕಾಗದದಲ್ಲಿ ಸೇರಿಸಿದರು. ಜೈಲಿನ ಮಾತು ಮನೆಯ ಹೊಸಲು ದಾಟಿ ಒಳಗೆ ಬಂತು. ಸಾತಲಿಂಗಪ್ಪನವರ ನಿದ್ದೆಗೆಡಿಸಿದ್ದು ಜೈಲು ಎಷ್ಟೋ ಅಷ್ಟೇ ಆ ಸುಳ್ಳು ಎಂಬ ಶಬ್ದ. ತಮ್ಮ ಮನೆತನದ ಮೇಲೆ ಕಾಟಾದ ಸುಳ್ಳು ಎಂಬ ಕಳಂಕ ಹತ್ತುವುದೆಂದರೆ ಸಾಮಾನ್ಯವೇ?

ಅವರ ವಕೀಲ ಯೋಗಿರಾಜ. ಜಾಮೀನಿನ ಮೇಲೆ ಅಮೋಲನನ್ನೂ, ಮುಚ್ಚಳಿಕೆಯ ಮೇಲೆ ಜೀಪನ್ನೂ ಬಿಡಿಸಿ ತಂದವನು ಅವನೇ. ದೊಡ್ಡ ಟೈರು ಹಾಕಿದ ಗಾಡಿಯ ಕಾಟಾ ಕಡಿಮೆ ತೋರಿಸುತ್ತದೆ ಎಂಬುದು ಅವನಿಗೆ ಯಾರಿಂದಲೋ ತಿಳಿಯಿತು. ಅವನು ಅಂಗಡಿಗೇ ಬಂದು ಕೂತು ಹೇಳಿದ.

"ಕಾಕಾ, ಮೊದಲನೇ ತಪಾಸಣೆದಾಗ ಬ್ರೇಕ ನೋಡ್ಯಾರ, ದೀಪ ನೋಡ್ಯಾರ, ಕಾಟಾ ನೋಡೇ ಇಲ್ಲ. ಕೋರ್ಟಿನಿಂದ ಇನ್ನೊಂದ ತಪಾಸಣೆ ಹುಕುಂ ತಂದೀನಿ. ಕಾಟಾ ಹನ್ನೆರಡ ಕಡಿಮಿ ತೋರಸ್ತದ ಅಂತ ಸಾಹೇಬ ಒಂದ ಸಾಲ ಬರದ್ರ ಸಾಕು. ಹುಡುಗ ಸುಳ್ಳ ಹೇಳಿಲ್ಲ, ಕಾಟಾ ಹೇಳೇದ ಅಂತೀನಿ. ಗೊತ್ತಿಲ್ದ ಆದದ್ದು ಅಂದ್ರ ಅರ್ಧ ಕೇಸ ಬಿತ್ತು."

ಮುಂದಿನ ಬುಧವಾರ ಅಕ್ಕಲಕೋಟದ ಪೊಲೀಸ್ ಠಾಣೆಯ ಅಂಗಳದಲ್ಲಿ ತಪಾಸಣೆ ಎಂದು ಹೇಳಿ ಯೋಗಿರಾಜ ಬೇರೆ ಕೇಸಿಗೆ ಪುಣೆಗೆ ಹೋದ. ಗಾಡಿಗೆ ಕೈ ಹಚ್ಚಬೇಡಿ ಎಂದು ಅವನು ಹೇಳಲಿಲ್ಲ. ಅದನ್ನು ಹೇಳಬೇಕಾಗುತ್ತದೆ ಎಂದು ಯಾವ ವಕೀಲನಿಗೆ ಹೊಳೆದೀತು? ಊಟಕ್ಕೆ ಕರೆದವರು ಬಾಯಿ ತೆರೆಯಿರಿ ಎಂದು ಹೇಳಿ ಕಳಿಸುವುದಿಲ್ಲ.

ಸಾತಲಿಂಗಪ್ಪನವರು ಸೋಮವಾರ ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಡ್ರೈವರನನ್ನು ಕೂಡಿಸಿ ಜೀಪನ್ನು ಊರಾಚೆಯ ಕೈಗಾರಿಕಾ ಪ್ರದೇಶವಾದ ಚಿಂಚೋಳಿ ಎಂಐಡಿಸಿಗೆ ಹೊಡೆಸಿಕೊಂಡು ಹೋದರು. ಅಲ್ಲಿ ಗೋದಾಮುಗಳ ಹಿಂದೆ ಗುರುಸಿದ್ಧನ ಗ್ಯಾರೇಜು. ಅಮೋಲನ ಜೀಪಿಗೆ ಆ ಟೈರು ಹಾಕಿದವನು ಅವನೇ. ಬಂದ ಕೆಲಸ ಕೇಳಿ ಗುರುಸಿದ್ಧ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ.

"ಕೇಸಿನ ಗಾಡಿ ಅದ ಸಾವಕಾರ್ರ. ಕೈ ಹಚ್ಚಬಹುದೇನ್ರಿ?"

"ಕೆಟ್ಟ ಕಾಟಾ ಇಟ್ಕೊಂಡು ಸಾಹೇಬರ ಮುಂದ ನಿಂದ್ರತಾರೇನಲೇ? ಮೂವತ್ತೊಂದ ವರ್ಷದಾಗ ನಾ ಒಮ್ಮಿನೂ ನಿಂತಿಲ್ಲ. ಸರಿ ಮಾಡು. ಎಷ್ಟ ತಪ್ಪಿತ್ತು, ಎಷ್ಟ ಸರಿ ಮಾಡಿದಿ ಅಂತ ಪಾವತಿ ಚೀಟಿ ಮ್ಯಾಲ ಬರಿ. ಅದನ್ನ ತೋರಸ್ತೀನಿ."

ಅವರ ಲೆಕ್ಕಕ್ಕೆ ಇದರಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಕಲ್ಲಣ್ಣ ಕೊಡುವ ರಿಪೇರಿ ಚೀಟಿಯನ್ನು ಸಾಹೇಬರು ಪ್ರತಿ ವರ್ಷ ಯಂತ್ರದ ಕಾಗದಕ್ಕೆ ಟಾಚಣಿ ಚುಚ್ಚಿಕೊಂಡು ಹೋಗುತ್ತಾರೆ. ಚೀಟಿಯಲ್ಲಿ ತಪ್ಪಿನ ದಾಖಲೆ, ಯಂತ್ರದಲ್ಲಿ ಸರಿಯ ದಾಖಲೆ. ಎರಡೂ ಕೈಯಲ್ಲಿ ಹಿಡಿದು ನಿಂತವನನ್ನು ಯಾವ ಸರ್ಕಾರ ಏನು ಮಾಡೀತು?

ಗುರುಸಿದ್ಧ ಡ್ಯಾಶಿನ ಕೆಳಗೆ ತಲೆ ಹಾಕಿ ಕೆಲಸ ಮಾಡುತ್ತಲೇ ವಿವರಿಸಿದ. ಕಾಟಾ ನೆಲವನ್ನು ಅಳೆಯುವುದಿಲ್ಲ, ಗಾಲಿಯ ಸುತ್ತು ಎಣಿಸುತ್ತದೆ. ಗಾಲಿ ದೊಡ್ಡದಾದದ್ದು ಅದಕ್ಕೆ ಗೊತ್ತಾಗುವುದಿಲ್ಲ, ಹಳೆಯ ಗಾಲಿಯ ಲೆಕ್ಕದಲ್ಲೇ ಹೇಳುತ್ತ ಹೋಗುತ್ತದೆ. ದೊಡ್ಡ ಬಾಬಿನ್ನಿಗೆ ಒಂದು ಸುತ್ತಿನಲ್ಲಿ ಹೆಚ್ಚು ನೂಲು ಹೋಗುವುದನ್ನು ಹುಟ್ಟಿದಾಗಿನಿಂದ ನೋಡಿದ ಸಾತಲಿಂಗಪ್ಪನವರಿಗೆ ಇದು ತಟ್ಟನೆ ತಿಳಿಯಿತು. ತಿಳಿದದ್ದಕ್ಕೆ ಸಂತೋಷವೂ ಆಯಿತು. ಪಾಪ, ಕಾಟಾ ಕೂಡ ಬೇಕೆಂದು ಸುಳ್ಳು ಹೇಳಿಲ್ಲ, ಮಗ ಕೂಡ ಹೇಳಿಲ್ಲ.

ಗುರುಸಿದ್ಧ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿಯನ್ನು ಕಾಟಾದ ವೈರಿನ ನಡುವೆ ಜೋಡಿಸಿದ. ಎಂಐಡಿಸಿಯ ನೆಟ್ಟಗಿನ ರಸ್ತೆಯಲ್ಲಿ, ಫೋನಿನಲ್ಲಿ ಬರುವ ಉಪಗ್ರಹದ ವೇಗವನ್ನು ಪಕ್ಕದಲ್ಲಿಟ್ಟುಕೊಂಡು ಓಡಿಸಿದ. ಮೊದಲು ಕಾಟಾ ಐವತ್ತು ಅಂದಾಗ ಫೋನು ಅರವತ್ತು ಅಂದಿತು. ಡಬ್ಬಿಯ ಗುಂಡಿ ಒತ್ತಿ ಒತ್ತಿ, ನಾಲ್ಕು ಸಲ ಹೋಗಿ ಬಂದ ಮೇಲೆ ಎರಡೂ ಅಣ್ಣತಮ್ಮಂದಿರಂತೆ ಒಂದೇ ಮಾತು ಆಡಿದವು. ಗಾಡಿ ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತ ಗುರುಸಿದ್ಧ ಸಹಜವಾಗಿ ಒಂದು ಮಾತು ಹೇಳಿದ.

"ಟೈರ ಹಾಕಿದ ದಿನಾನೇ ಅಮೋಲಗ ಹೇಳಿದ್ದೆ ನೋಡ್ರಿ. ಕಾಟಾ ಅರವತ್ತ ಅಂದ್ರ ಗಾಡಿ ಎಪ್ಪತ್ತರ ಮ್ಯಾಲ ಇರ್ತದ, ಈ ಡಬ್ಬಿ ಹಾಕಿಸ್ಕೋ ಅಂತ. ನಕ್ಕ. ಇದ್ದದ್ದ ಚೊಲೊ ಆತು, ಪೊಲೀಸರು ಹಿಡದ್ರ ಕಾಟಾ ತೋರಸ್ತೀನಿ ಅಂದ."

ಸಾತಲಿಂಗಪ್ಪನವರು ಎದುರಿನ ಗೋದಾಮಿನ ಶಟರ್ ನೋಡುತ್ತ ಕೂತರು. ಅದರ ಮೇಲೆ ಯಾವುದೋ ಟವೆಲ್ಲಿನ ಜಾಹೀರಾತು ಅರ್ಧ ಸುಲಿದಿತ್ತು. ನೂಲಿನ ವ್ಯಾಪಾರದಲ್ಲಿ ಎಳೆ ತುಂಡಾದರೆ ಮೊದಲು ಮಾಡುವ ಕೆಲಸ ಗಂಟು ಹಾಕುವುದು, ಆಮೇಲೆ ಗಂಟು ಕಾಣದಂತೆ ಒಳಗೆ ತಿರುವುವುದು. ಅವರು ಮೆಲ್ಲಗೆ ಹೇಳಿದರು.

"ಅದನ್ನ ಪಾವತಿ ಮ್ಯಾಲ ಬರಿಯೂದು ಬ್ಯಾಡ."

ಗುರುಸಿದ್ಧ ಬರೆಯಲಿಲ್ಲ. ಕಾಟಾ ಅಷ್ಟು ಕಡಿಮೆ ತೋರುತ್ತಿತ್ತು, ಈಗ ಸರಿ ಮಾಡಲಾಗಿದೆ ಎಂದಷ್ಟೇ ಬರೆದು ಸಹಿ ಹಾಕಿದ. ಸಾತಲಿಂಗಪ್ಪನವರು ಮನೆಗೆ ಬಂದು ಮಗನನ್ನು ಏನೂ ಕೇಳಲಿಲ್ಲ. ಅಮೋಲ ಟಿ.ವಿ. ಮುಂದೆ ಕೂತಿದ್ದ. ಘಟನೆಯಾದಾಗಿನಿಂದ ಅವನು ಅರ್ಧ ರೊಟ್ಟಿಗೆ ಎದ್ದುಬಿಡುತ್ತಿದ್ದ. ಅಪ್ಪನೂ ಅಂದು ಅರ್ಧಕ್ಕೆ ಎದ್ದರು.

ಬುಧವಾರ ಠಾಣೆಯ ಅಂಗಳದ ಬೇವಿನ ಮರದ ಕೆಳಗೆ ಬೀರವ್ವ ಕೂತಿದ್ದಳು. ಬೀರಣ್ಣನ ಹೆಂಡತಿ. ಗಾಡಿಯ ತಪಾಸಣೆ ಎಂದು ಯಾರೋ ಹೇಳಿದ್ದರಿಂದ ಹನ್ನೂರಿನಿಂದ ಬಸ್ಸಿಗೆ ಬಂದಿದ್ದಳು. ತಪಾಸಣೆ ಅಂದರೆ ಏನು ಎಂದು ಆಕೆಗೆ ತಿಳಿದಿರಲಿಲ್ಲ, ಗಾಡಿ ಯಾವುದು ಎಂದು ಮಾತ್ರ ನೋಡಬೇಕಿತ್ತು. ಸಾತಲಿಂಗಪ್ಪನವರು ಕೈ ಮುಗಿದರು. ಆಕೆ ತಿರುಗಿ ಮುಗಿಯಲಿಲ್ಲ. ಟೈರಿನ ಹತ್ತಿರ ಹೋಗಿ ನಿಂತಳು. ಅದು ಆಕೆಯ ಸೊಂಟಕ್ಕೆ ಬರುತ್ತಿತ್ತು. ಆಮೇಲೆ ಯಾರನ್ನೂ ನೋಡದೆ ಕೇಳಿದಳು.

"ಹನ್ನೆರಡ ಹನ್ನೆರಡ ಅಂತ ಎಲ್ಲಾರೂ ಮಾತಾಡಾಕತ್ತಾರಲ್ರಿ. ಆ ಹನ್ನೆರಡ ಇರಲಿಲ್ಲಂದ್ರ ಅವರು ಉಳೀತಿದ್ರೇನ್ರಿ?"

ಅಂಗಳದಲ್ಲಿ ವ್ಯಾಪಾರಿ ಇದ್ದರು, ಮೆಕ್ಯಾನಿಕ್ ಇದ್ದ, ಪೊಲೀಸರಿದ್ದರು. ಅಳತೆಯ ಮನುಷ್ಯರು ಅಷ್ಟು ಜನ ಇದ್ದೂ ಅದನ್ನು ಅಳೆದು ಹೇಳುವವರು ಒಬ್ಬರೂ ಇರಲಿಲ್ಲ. ಅಮೋಲ ಮರದ ಆಚೆ ಹೋಗಿ ನಿಂತ.

ತಪಾಸಣೆಯ ಸಾಹೇಬರು ಬಂದರು. ಕಡ್ಡಿಯಂಥ ಮನುಷ್ಯ, ಕನ್ನಡಕದ ಮೇಲಿಂದ ನೋಡುವವರು. ಮರಾಠಿಯಲ್ಲಿ ಶುರು ಮಾಡಿ, ಸುತ್ತ ಇದ್ದ ಮುಖಗಳನ್ನು ನೋಡಿ ಕನ್ನಡಕ್ಕೆ ಇಳಿದರು. ತಮ್ಮದೇ ಒಂದು ಯಂತ್ರವನ್ನು ಗಾಜಿಗೆ ಅಂಟಿಸಿ, ಬೈಪಾಸಿನಲ್ಲಿ ಮೂರು ಸಲ ಓಡಿಸಿ, ತಿರುಗಿ ಬಂದು ಬಾನೆಟ್ಟಿನ ಮೇಲೆ ಕಾಗದ ಹರವಿ ಬರೆಯತೊಡಗಿದರು. ವೇಗದ ಕಾಟಾ: ಸರಿ ಇದೆ. ದೋಷ: ಇಲ್ಲ. ಟೈರು: ಆರ್‌ಸಿ ಪುಸ್ತಕದಲ್ಲಿ ಇದ್ದ ಅಳತೆಯದಲ್ಲ, ಮಾಲೀಕರ ತಪ್ಪು.

ಸಾತಲಿಂಗಪ್ಪನವರು ಎರಡೂ ಕೈಯಿಂದ ಪಾವತಿ ಮುಂದೆ ಹಿಡಿದರು. ಕಾಟಾ ಕಡಿಮೆ ತೋರಿಸುತ್ತಿತ್ತು, ತಪಾಸಣೆಗೆ ತರಬೇಕಲ್ಲ ಎಂದು ಮೊನ್ನೆಯೇ ಸರಿ ಮಾಡಿಸಿದೆ, ಇಲ್ಲಿ ಎಲ್ಲ ಬರೆದಿದೆ ಎಂದರು. ಸಾಹೇಬರು ಪಾವತಿಯನ್ನು ಓದಿದರು. ಒಮ್ಮೆ ಅವರ ಮುಖ ನೋಡಿದರು, ಇನ್ನೊಮ್ಮೆ ಓದಿದರು.

ಕಾಟಾ ಸರಿ ಎಂದಾದರೆ ಹುಡುಗನ ಮಾತೇ ಸುಳ್ಳಾಗುವ ಪೇಚು ಗುರುಸಿದ್ಧನಿಗೆ ಅಷ್ಟರಲ್ಲಿ ತಿಳಿದಿತ್ತು. ಅವನು ಮುಂದೆ ಬಂದು, ಡಬ್ಬಿ ಕೀಳುವುದು ಎರಡು ಮಿನಿಟಿನ ಕೆಲಸ, ಕಿತ್ತರೆ ಕಾಟಾ ಮತ್ತೆ ಮೊದಲಿನಂತೆ ತಪ್ಪು ಹೇಳುತ್ತದೆ, ಈಗಲೇ ತೋರಿಸುತ್ತೇನೆ ಎಂದ.

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು.

"ಎರಡ ಮಿನಿಟಿನಾಗ ತಪ್ಪ ಮಾಡಾಕ ಬರ್ತದಂದ್ರ, ಅವತ್ತ ಏನಿತ್ತು ಅಂತ ನನಗ ಹ್ಯಾಂಗ ಗೊತ್ತಾಗಬೇಕು? ನಾ ಕಂಡದ್ದ ಬರಿಯಾಂವ. ನಿನ್ನಿ ಏನಿತ್ತು ಅನ್ನೂದಕ್ಕ ಈ ಫಾರ್ಮಿನಾಗ ಜಾಗಾ ಇಲ್ಲ. ಇವತ್ತ ಕಾಟಾ ಸರಿ ಅದ."

ಈ ಮಾತು ಸಾತಲಿಂಗಪ್ಪನವರಿಗೆ ಹೊಸದಾಗಿರಲಿಲ್ಲ. ಮೂವತ್ತೊಂದು ವರ್ಷ ಇದೇ ಮಾತನ್ನು ಕೇಳಿ ಪೇಡೆ ಹಂಚಿದ್ದರು. ಮುಚ್ಚಳಿಕೆಯಲ್ಲಿ ಗಾಡಿಯನ್ನು ಇದ್ದದ್ದು ಇದ್ದಂತೆ ಇಡಬೇಕು ಎಂಬ ಕಲಮು ಇರುವುದನ್ನೂ ಸಾಹೇಬರು ನೆನಪು ಮಾಡಿದರು. ಅದನ್ನು ಓದದೆ ಸಹಿ ಹಾಕಿದ್ದು ಯಾರು ಎಂದು ಕೇಳಲಿಲ್ಲ, ಸಾತಲಿಂಗಪ್ಪನವರ ಸಹಿ ಕಾಣುತ್ತಿತ್ತು. ಪುಣೆಯಿಂದ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಯೋಗಿರಾಜ ಕಾಕಾ ಎಂದಷ್ಟೇ ಅಂದು ಫೋನು ಇಟ್ಟುಬಿಟ್ಟ.

ಮರದ ಕೆಳಗಿನಿಂದ ಬೀರವ್ವ ಎದ್ದು ಬಂದು, ಏನಾಯಿತು ಎಂದು ಪೊಲೀಸನೊಬ್ಬನನ್ನು ಕೇಳಿದಳು. ಕಾಟಾ ಸರಿ ಇದೆಯಂತೆ ಎಂದ ಅವನು. ಆಕೆ ತಲೆಯಾಡಿಸಿ, ಸೆರಗು ಹೊದ್ದುಕೊಂಡು, ಹನ್ನೂರಿನ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಿದಳು.

ಕೇಸು ಮುಗಿಯುವ ತನಕ ಯಾರೂ ಕೈ ಹಚ್ಚಬಾರದೆಂದು ಸಾಹೇಬರು ಆ ಡಬ್ಬಿಯ ಸುತ್ತ ತಂತಿ ಸುತ್ತಿದರು. ಚೀಲದಿಂದ ಇಕ್ಕಳ ತೆಗೆದು, ತಂತಿಯ ಗಂಟಿಗೆ ಸೀಸದ ಒಂದು ಗುಂಡಿ ಇಟ್ಟು ಒತ್ತಿದರು. ಮುದ್ರೆ ಸ್ಪಷ್ಟವಾಗಿ ಬಿತ್ತು. ಸಾತಲಿಂಗಪ್ಪನವರು ಅಭ್ಯಾಸದಂತೆ ಬಗ್ಗಿ, ಅಕ್ಷರ ನೆಟ್ಟಗೆ ಮೂಡಿದೆಯೇ ಎಂದು ನೋಡಿದರು. ಮೂಡಿತ್ತು.