ಲಕ್ಷಕ್ಕೆ ಅರ್ಧ ಪಾಲು

೧೯೪೫ರ ಬೇಸಿಗೆಯಲ್ಲಿ ಅಂದಪ್ಪ ಸರಕಾರದ ಪರವಾಗಿ ಬಾವಿಗಳ ನೀರು ಪರೀಕ್ಷಿಸಲು ತಳಕಲ್ಲಿಗೆ ಬಂದ. ಗಂಗಾವತಿಯವನು, ಹೈದರಾಬಾದಿನಲ್ಲಿ ರಸಾಯನಶಾಸ್ತ್ರ ಓದಿದವನು. ಚಾವಡಿಯ ಹಿಂದಿನ ಕೋಣೆಯಲ್ಲಿ ಗಾಜಿನ ನಳಿಗೆಗಳನ್ನು ನಿಲ್ಲಿಸಿ, ನೀರಿಗೆ ಕೆಂಪು ದ್ರಾವಣ ಬೆರೆಸಿ, ಬಣ್ಣ ಎಷ್ಟು ಹಳದಿಗೆ ತಿರುಗುತ್ತದೆಂದು ನೋಡುತ್ತ ಕೂರುವುದು ಅವನ ಕೆಲಸ. ಹಳದಿ ಹೆಚ್ಚಿದಷ್ಟೂ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಂಥ ನೀರು ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಬರಬರುತ್ತ ಬೆನ್ನುಮೂಳೆ ಬಿಗಿಯುತ್ತದೆ. ಈ ವಿಷಯ ಮಾತಾಡಲು ಅವನಿಗೆ ಆ ಊರಲ್ಲಿ ಯಾರೂ ಇರಲಿಲ್ಲ. ಬಂದವರು ಬಣ್ಣ ನೋಡಿ ನಕ್ಕು ಹೋಗುತ್ತಿದ್ದರು.

ಊಟ ಕಳಕಮ್ಮನ ಮನೆಯಲ್ಲಿ. ಅವಳು ಗಂಡನಿಲ್ಲದ ಹೆಂಗಸು, ಪುಟ್ಟ ಮೊಮ್ಮಗಳನ್ನು ಕಟ್ಟಿಕೊಂಡು ಮೈದುನ ಹನುಮಂತಪ್ಪನ ಸಂಸಾರದೊಂದಿಗೆ ಇದ್ದಳು. ಕುತ್ತಿಗೆ ತಿರುಗುತ್ತಿರಲಿಲ್ಲ, ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದಳು. ಊರು ಕುಡಿಯುವ ಸಿಹಿನೀರಿನ ಬಾವಿ ಅವಳ ಮಾವ ತೋಡಿಸಿದ್ದು. ಕೇರಿಯವರು ಅದನ್ನು ಮುಟ್ಟುವಂತಿರಲಿಲ್ಲ. ಅವರಿಗೆ ಊರಾಚೆಯ ಗಡಸು ನೀರಿನ ಬಾವಿ. ಆ ನೀರಿನಲ್ಲಿ ಬೇಳೆ ಬೇಯದು, ಸಾಬೂನು ನೊರೆಯಾಗದು.

ಸಿಹಿನೀರಿನಲ್ಲಿ ಫ್ಲೋರೈಡಿನ ಲೆಕ್ಕ ಅರ್ಧ ಬಂತು. ಒಂದರವರೆಗೆ ಭಯವಿಲ್ಲವೆಂದು ಪುಸ್ತಕದಲ್ಲಿತ್ತು. ಅಂದಪ್ಪ ಊಟಕ್ಕೆ ಕೂರುವ ಮೊದಲೇ ಹೇಳಿದ:

"ಅವ್ವಾ, ನಿಮ್ಮ ಬಾವಿ ನೀರು ಛಲೋ ಐತಿ."

"ನಮ್ಮ ಮಾವನೋರ ಕೈಗುಣ, ತಮ್ಮಾ," ಎಂದು ಕಳಕಮ್ಮ ಅವನ ರೊಟ್ಟಿಯ ಮೇಲೆ ಇನ್ನಷ್ಟು ಬೆಣ್ಣೆ ಇಟ್ಟಳು. ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು.

ಕೆಲವು ದಿನ ಕಳೆದು, ಬಣ್ಣ ಹೋಲಿಸಿ ನೋಡುವ ದ್ರಾವಣ ಮುಗಿದು ಹೊಸದನ್ನು ಮಾಡುತ್ತಿದ್ದಾಗ ಅವನ ಕೈ ನಿಂತಿತು. ತನ್ನ ಅಳತೆಯೆಲ್ಲ ಲಕ್ಷ ಪಾಲು ನೀರಿಗೆ ಎಷ್ಟು ಪಾಲು ಎಂಬ ಲೆಕ್ಕ. ಪುಸ್ತಕದ ಒಂದು, ಹತ್ತು ಲಕ್ಷಕ್ಕೆ ಒಂದು ಪಾಲು. ಹಾಗಾದರೆ ಲಕ್ಷಕ್ಕೆ ಅರ್ಧ ಅಂದರೆ ಹತ್ತು ಲಕ್ಷಕ್ಕೆ ಐದು! ಕೇರಿಯ ಬಾವಿಯದನ್ನೂ ಹತ್ತರಿಂದ ಗುಣಿಸಿದ. ಅದು ಒಂದನ್ನು ದಾಟಲಿಲ್ಲ. ಎರಡೂ ನೀರನ್ನು ಮತ್ತೆ ತಂದು ಪರೀಕ್ಷಿಸಿದ. ಅದೇ ಲೆಕ್ಕ ಬಂತು. ಸರಿಯೋ ತಪ್ಪೋ ಎಂದು ಕೇಳಲು ಪಕ್ಕದಲ್ಲಿ ಒಬ್ಬನಾದರೂ ಇದ್ದಿದ್ದರೆ ಅನಿಸಿತು.

ಅಂದೇ ಊಟದ ಹೊತ್ತಿಗೆ ಹೇಳಿಬಿಟ್ಟ. ಹನುಮಂತಪ್ಪ ತುತ್ತು ನಿಲ್ಲಿಸಿದ.

"ಮೊನ್ನಿ ಛಲೋ ಅಂದ್ರಿ, ಇವತ್ತ ಕೆಟ್ಟೈತಿ ಅಂತೀರಿ. ನೀರು ಬದಲಾತೇನ್ರಿ?"

"ನೀರು ಅದ ಐತ್ರಿ. ತಪ್ಪು ನಂದು. ಲಕ್ಷ ಕಾಳಿನಾಗ ಅರ್ಧ ಹರಳು ಅಂದ್ರ, ಹತ್ತು ಲಕ್ಷ ಕಾಳಿನಾಗ ಐದು ಹರಳು ಆಗ್ತಾವ. ನಾ ಎರಡೂ ಒಂದ ಅಂತ ಓದಿದೆ."

"ಹಂಗಾರ ಯಾವ ಬಾವಿ ನೀರು ಕುಡೀಬೇಕು?"

"ಕೇರಿ ಬಾವೀದು."

ಹನುಮಂತಪ್ಪ ಗಂಗಾಳ ಬಿಟ್ಟು ಎದ್ದ. "ನಾಳಿಯಿಂದ ಇವರಿಗೆ ನಮ್ಮನ್ಯಾಗ ಊಟ ಬ್ಯಾಡ," ಎಂದು ಹೊರಗೆ ಹೋದ. ಕಳಕಮ್ಮ ಆ ಗಂಗಾಳ ಎತ್ತಿಟ್ಟಳು.

ಅಂದಪ್ಪ ಕೋಣೆಯಲ್ಲೇ ಅಡುಗೆ ಹೂಡಿದ. ಚಾವಡಿಯಲ್ಲಿ ಕೂತವರು ಅವನು ಬಂದರೆ ಮಾತು ನಿಲ್ಲಿಸುತ್ತಿದ್ದರು. ಕೇರಿಯ ಬಾವಿಗೆ ಹೋದರೆ ಅಲ್ಲಿಯ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿದು, ಅವನು ಹೋಗುವವರೆಗೆ ಬಿಸಿಲಲ್ಲಿ ಕಾಯುತ್ತಿದ್ದರು. ನಿಲ್ಲಿರೆಂದು ಕರೆದರೂ ಹತ್ತಿರ ಬರುತ್ತಿರಲಿಲ್ಲ. ಕೆಲವೊಮ್ಮೆ ಇಡೀ ದಿನ ಅವನ ದನಿ ಅವನಿಗೇ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ನೀರು ಸೇದುತ್ತಿದ್ದಾಗ ಕಳಕಮ್ಮ ಕೊಡ ಹಿಡಿದು ಬಂದಳು. ಮೈ ತಿರುಗಿಸಿ ಊರಿನ ಕಡೆ ಒಮ್ಮೆ ನೋಡಿದಳು.

"ತಮ್ಮಾ, ನೀ ಅಂದದ್ದು ಖರೇನಾ?"

"ಖರೇ ಅವ್ವಾ."

"ಈ ನೀರು ಕುಡದ್ರ ನನ್ನ ಕುತಗಿ ತಿರಗತೈತೇನು?"

ಹೂಂ ಎನ್ನಬೇಕೆಂದು ಅವನಿಗೆ ಆಸೆಯಾಯಿತು. "ಇಲ್ಲವ್ವಾ. ಬಿಗದದ್ದು ಸಡಲಂಗಿಲ್ಲ."

ಅವಳು ಕೊಡವನ್ನು ಬಾವಿಯ ಕಟ್ಟೆಯ ಮೇಲಿಟ್ಟಳು. "ಮೊಮ್ಮಗಳದು ಹಾಲಹಲ್ಲು ಇನ್ನೂ ಬಿದ್ದಿಲ್ಲ."

"ಆಕಿಗೆ ಕುಡಸ್ರಿ. ಆಕಿಗೆ ನಿಮ್ಮಂಗ ಆಗಂಗಿಲ್ಲ."

ಕಳಕಮ್ಮ ಹಗ್ಗಕ್ಕೆ ಕೈ ಹಾಕಿದಳು, ಬಾಗಲು ಆಗಲಿಲ್ಲ. ಅಂದಪ್ಪ ಮುಂದಾಗುವಷ್ಟರಲ್ಲಿ, ದೂರ ನಿಂತಿದ್ದ ಕೇರಿಯ ಉಡಚಮ್ಮ ಎರಡು ಹೆಜ್ಜೆ ಬಂದು ಕೇಳಿದಳು:

"ನಾ ಸೇದಿ ಹಾಕಿದ್ರ ನಡೀತೈತೇನ್ರೀ ಅವ್ವಾರ?"

ಕಳಕಮ್ಮನ ಇನ್ನೊಂದು ಕೈ ಕೊಡದ ಕಂಠದ ಮೇಲೇ ಇತ್ತು. ಆಮೇಲೆ ಅದನ್ನು ಉಡಚಮ್ಮನ ಕಡೆ ಸರಿಸಿದಳು. "ಹಾಕವಾ."

ಮನೆಯಲ್ಲಿ ಅವಳ ಒಲೆಯನ್ನು ಹಿತ್ತಲಿಗೆ ಹಾಕಿದರು. ಮೊಮ್ಮಗಳು ಮಾತ್ರ ಅವಳ ಜೊತೆ ಉಣ್ಣುತ್ತಿದ್ದಳು.

ಮಳೆಗಾಲದ ಮೊದಲು ಅಂದಪ್ಪನನ್ನು ಕುಷ್ಟಗಿಯ ಕಡೆ ಕಳಿಸಿದರು. ಅಲ್ಲಿಯೂ ಒಂದು ಕೋಣೆ, ನಳಿಗೆಗಳು, ಗುರುತಿಲ್ಲದ ಜನ. ಒಮ್ಮೆ ತಳಕಲ್ಲಿನ ಗಾಡಿಯ ಚಾಂದಸಾಬ ಸಂತೆಯಲ್ಲಿ ಸಿಕ್ಕ.

"ಕಳಕವ್ವಾರು ಹ್ಯಾಂಗ ಅದಾರ?"

"ದಿನಾ ಕೇರಿ ಬಾವಿಗೆ ಹೋಗ್ತಾರ್ರಿ. ಉಡಚವ್ವ ಸೇದಿ ಹಾಕ್ತಾಳ."

"ಮತ್ಯಾರೂ ಹೋಗಂಗಿಲ್ಲೇನು?"

"ಇಲ್ರಿ ಸಾಹೇಬ್ರ. ಅವರೊಬ್ಬರ."

ಕೂತು ಚಹಾ ಕುಡಿದು ಹೋಗೆಂದು ಅಂದಪ್ಪ ತೋಳು ಹಿಡಿದ. ಚಾಂದಸಾಬನ ಗಾಡಿಯಲ್ಲಿ ಮಾಲು ತುಂಬಿತ್ತು. ಅವನು ಸಲಾಮು ಮಾಡಿ ಹೊರಟ. ಅಂದಪ್ಪ ಸಂತೆಯ ಗದ್ದಲದ ನಡುವೆ ನಿಂತು, ಗಾಡಿ ಕಾಣದಾದ ಮೇಲೂ ಆ ದಾರಿಯನ್ನೇ ನೋಡುತ್ತಿದ್ದ.