ಇನ್ನೊಂಚೂರು ಎತ್ತರ

ಆ ಹಸಿರೇ ಸರಿಯಿಲ್ಲ, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿದ್ದಾಗ ಪಾಚಿ ಕಟ್ಟಿದ ಬಕೆಟ್ಟಿನ ಬಣ್ಣ, ಆದರೆ ಇವರಿಗೆ ಅದೂ ಚೆಂದವೇ, ಎಂಥಾ ಹಸಿರು ರೀ ಅಂತ ಖಜಾಂಚಿ ಊಟಕ್ಕೆ ಕೂತವನ ಹಾಗೆ ಬಾಯಿ ಚಪ್ಪರಿಸುತ್ತಿದ್ದಾನೆ — ಅವಳು ಲ್ಯಾಪ್‌ಟಾಪಿನ ಹಿಂದೆ ಮುಖ ಮರೆಸಿಕೊಂಡು ಕೂತಿದ್ದಳು, ಗುಡ್ಡದ ಓಟಕ್ಕೊಂದು ಲೋಗೋ ಮಾಡಿಕೊಡು ಅಂತ ಭಾವ ಕೇಳಿದಾಗ ಆಗಲ್ಲ ಅನ್ನಬೇಕಿತ್ತು, ಅನ್ನಲಿಲ್ಲ, ಅಕ್ಕನ ಗಂಡ, ಓಟದ ಸಮಿತಿಗೂ ಅವನೇ ಅಧ್ಯಕ್ಷ, ಆಗದೆ ಇನ್ನೇನು, ಗುಡ್ಡವನ್ನು ಅವನಷ್ಟು ಆಳಕ್ಕಿಳಿದು ಬಲ್ಲವರು ಯಾರಿದ್ದಾರೆ, ಒಂದು ಮಗ್ಗುಲನ್ನು ಪೂರ್ತಿ ಒಡೆದು ಜಲ್ಲಿ ಮಾಡಿ ಮಾರಿದವನು, ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ, ಇವನು ಹಿಡಿದದ್ದು ಮೂರಂತಸ್ತಿನ ಮನೆ, ಅದರ ಬಾಲ್ಕನಿಯಲ್ಲಿ ಅಕ್ಕ ಬೆಳಗಾದರೆ ಧೂಳು ಒರೆಸುತ್ತಾಳೆ, ಒರೆಸುತ್ತಲೇ ಫೋನು, ನಿಮ್ಮ ಭಾವನ ಮಾತು ತೆಗೆದುಹಾಕಬೇಡ ಕಣೇ, ನಾಲ್ಕು ಜನರ ಎದುರು ನನ್ನ ಮುಖ ಉಳಿಸು.

ಮೊದಲು ಬರೆದದ್ದು ಕಂಡದ್ದನ್ನೇ, ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, ಒಂದು ಕಡೆ ಮಲಗಿದ ಹೆಂಗಸಿನ ಭುಜದಂಥ ಇಳಿಜಾರು, ಇನ್ನೊಂದು ಕಡೆ ನೆಟ್ಟಗೆ ಕಡಿದ ಗೆರೆ, ವರ್ಷಗಳಿಂದ ಅಂಥ ಗೆರೆ ಅವಳ ಕೈಗೆ ಬಂದಿರಲಿಲ್ಲ — ಏನಮ್ಮ ಇದು, ಯಾರೋ ಕಚ್ಚಿಟ್ಟ ಬಿಸ್ಕತ್ತಿನ ಥರ ಇದೆ ಅಂದ ಭಾವ, ಎಲ್ಲರೂ ನಕ್ಕರು, ಅವನು ನಕ್ಕರೆ ಇವರ ಹಲ್ಲುಗಳು ತಾವಾಗಿ ಹೊರಬರುತ್ತವೆ, ಒಂದು ಸೂರ್ಯ ಹಾಕಿ ಮೇಡಂ ಅಂದ ಕಾರ್ಯದರ್ಶಿ, ಹಾಕಿದಳು, ಒಂದು ಜಲಪಾತ ಬರ್ಲಿ, ಜಲಪಾತ ಎಲ್ಲಿದೆ ಸಾರ್, ಇರ್ಲಿ ಬಿಡಿ, ಲೋಗೋದಲ್ಲಿ ತಾನೇ, ಅದನ್ನೂ ಹಾಕಿದಳು, ಈಗ ಗುಡ್ಡ ಇನ್ನೊಂಚೂರು ಎತ್ತರ ಮಾಡಮ್ಮ, ಮೌಸ್ ಎಳೆದರೆ ಸಾಕು, ಸಾಕಿದ ನಾಯಿಯ ಹಾಗೆ ಎದ್ದು ನಿಲ್ಲುತ್ತದೆ, ಇನ್ನೊಂಚೂರು, ಆ, ಇನ್ನೊಂಚೂರು — ಥೂ, ಬಾಯಿ ಇವರದ್ದು ಸರಿ, ಈ ಕೈ ಯಾರದ್ದು?

ಎದ್ದಳು, ಕುರ್ಚಿ ಕಿರ್ ಅಂತು, ಕಿಟಕಿಯ ದಪ್ಪ ಪರದೆ ಸರ್ರನೆ ಸರಿಸಿದಳು, ಬೆಳಕು ನುಗ್ಗಿ ಗೋಡೆಯ ಮೇಲಿನ ಸೂರ್ಯ, ಜಲಪಾತ, ಎಲ್ಲ ಮಾಸಿಹೋಯಿತು, ಅಯ್ಯೋ ಚಿತ್ರ ಹೋಯ್ತಲ್ಲ ಅಂತ ಖಜಾಂಚಿ, ಪರದೆ ಎಳಿಯಮ್ಮ ಅಂತ ಭಾವ, ಗುಡ್ಡ ಇಲ್ಲಿದೆ ಭಾವ, ಈ ಕಡೆ ನೋಡಿ, ಯಾರೂ ನೋಡಲಿಲ್ಲ, ದೂರದ ಬೆಟ್ಟ ನುಣ್ಣಗೆ ಅನ್ನಲಿಕ್ಕಾದರೂ ಕತ್ತು ತಿರುಗಿಸಬೇಕಲ್ಲ, ಎಲ್ಲರೂ ಬರಿಗೋಡೆಯನ್ನೇ ನೋಡುತ್ತಿದ್ದರು, ಭಾವ ಮಾತ್ರ ಅವಳನ್ನು, ಮೊದಲು ಪರದೆ ಎಳಿ, ಎಳೆಯಲ್ಲ, ಇದು ನನ್ನ ಚಿತ್ರ ಅಲ್ಲ, ನನ್ನ ಹೆಸರು ತೆಗೆದುಬಿಡಿ, ಇಷ್ಟು ಸೊಕ್ಕೇನಮ್ಮ, ನಿಮ್ಮ ಅಕ್ಕನಿಗೆ ಏನು ಹೇಳ್ಲಿ, ಇದನ್ನೇ ಹೇಳಿ ಭಾವ — ಅಕ್ಕ ಒಂದು ವರ್ಷ ಮಾತು ಬಿಡುತ್ತಾಳೆ, ಬಿಡಲಿ, ಅವಳು ಪರದೆಯ ಬಟ್ಟೆ ಮುಷ್ಟಿಯಲ್ಲಿ ಹಿಡಿದು ಹೊರಗೆ ನೋಡಿದಳು, ಗುಡ್ಡದ ಕಡಿದ ಬಿಳಿ ಗೋಡೆಯ ಮೇಲೆ ಆಟಿಕೆಯಷ್ಟು ಪುಟ್ಟ ಹಳದಿ ಯಂತ್ರ, ಇವತ್ತೂ, ಈ ಸಭೆ ನಡೆಯುವಾಗಲೂ, ಅದರ ಕೈ ಮೇಲೇಳುತ್ತದೆ, ಸದ್ದಿಲ್ಲದೆ ಬೀಳುತ್ತದೆ, ಮೇಲೇಳುತ್ತದೆ, ಬೀಳುತ್ತದೆ, ಮೇಲೆ —